ರಕ್ತಪಿಶಾಚಿಗಳೂ ಆಫರ್ ಲೆಟರೂ

ಇಲ್ಲಿ ಏನಾದರೂ ಬರೆದು ತುಂಬ ದಿನಗಳಾಗಿತ್ತು. ರಿಲೀಸು, ರಿಲೀಸಿನ ಮೇಲೊಂದು ಪ್ಯಾಚು, ಆ ಪ್ಯಾಚಿಗೆ ಮತ್ತೊಂದು ಪ್ಯಾಚು... ಈ ಕಥೆ ನಿಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿರುವುದೇ. ಈಗ ಬರೆಯೋಕೆ ಕೂತಿರುವುದಕ್ಕೆ ಕಾರಣ ಎರಡು. ಮೊದಲನೆಯದು, ಕೆಲಸ ಬದಲಾಯಿಸುತ್ತಿದ್ದೇನೆ. ಹೊಸ ಕಂಪನಿ ಕಳಿಸಿದ ಆಫರ್ ಲೆಟರಿನ ಹದಿನಾಲ್ಕು ಪುಟಗಳನ್ನೂ ಓದಿದೆ. ಸಂಬಳದ ಪುಟ ಬಿಟ್ಟು ಬೇರೆ ಪುಟ ಓದಿದ್ದು ಜೀವನದಲ್ಲಿ ಇದೇ ಮೊದಲು :-) ಎರಡನೆಯದು, ಎಲ್.ಜೆ. ಸ್ಮಿತ್.

ಹೆಸರು ಕೇಳಿದರೆ ನಿಮಗೆ ಏನೂ ಹೊಳೆಯದೇ ಇರಬಹುದು. 'ದಿ ವ್ಯಾಂಪೈರ್ ಡೈರೀಸ್' ಅಂದರೆ ಹೊಳೆದೀತು. 2009ರಿಂದ 2017ರ ತನಕ ಎಂಟು ಸೀಸನ್ ಓಡಿದ ಅಮೆರಿಕನ್ ಸೀರಿಯಲ್ಲು. ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಅದು ಹಾರ್ಡ್ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ನೆಗಡಿಯ ಹಾಗೆ ಹರಡಿತ್ತು. ಅದರ ಮೂಲ ಕಾದಂಬರಿಗಳನ್ನು ಬರೆದವರು ಈ ಸ್ಮಿತ್. 2025ರ ಮಾರ್ಚಿನಲ್ಲಿ, ತಮ್ಮ 66ನೇ ವಯಸ್ಸಿನಲ್ಲಿ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ತಡವಾಗಿ. ಅದನ್ನು ಓದುವಾಗ ಆಫರ್ ಲೆಟರಿನ ಒಂಬತ್ತನೇ ಪುಟ ಇನ್ನೂ ತಲೆಯಲ್ಲಿ ಸುತ್ತುತ್ತಿತ್ತು. ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟವು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಂಥ ಪುಸ್ತಕಗಳನ್ನು ಗಂಭೀರವಾಗಿ ಓದುವವನು. ಹದಿಹರೆಯದವರಿಗೆ ಅಂತ ಬರೆದ ರಕ್ತಪಿಶಾಚಿ, ತೋಳಮನುಷ್ಯರ ಪ್ರೇಮಕಥೆಗಳು, ಮುಂದೊಂದು ದಿನ ಜಗತ್ತು ಕೆಟ್ಟು ಕೆರ ಹಿಡಿದಾಗ ಹದಿನಾರರ ಹುಡುಗಿ ಸರ್ಕಾರವನ್ನೇ ಬೀಳಿಸುವ ಕಾದಂಬರಿಗಳು. ಅಮೆರಿಕದವರು 'ಯಂಗ್ ಅಡಲ್ಟ್' ಅಂತ ಕರೆಯುತ್ತಾರಲ್ಲ, ಅದು. ರೂಮ್‌ಮೇಟ್‌ಗಳು "ಲೋ, ಹುಡುಗೀರ ಬುಕ್ ಓದ್ತಾನೆ ನೋಡ್ರೋ" ಅಂತ ರೇಗಿಸುತ್ತಿದ್ದರು. ಅವರೇ ರಾತ್ರಿ ಎರಡು ಗಂಟೆಗೆ "ಮುಂದೇನಾಯ್ತೋ?" ಅಂತ ಕೇಳುತ್ತಿದ್ದರು ಅನ್ನುವುದು ಬೇರೆ ಮಾತು.

ಸ್ಮಿತ್ ಕಥೆಗೆ ಬರೋಣ. ಲೀಸಾ ಜೇನ್ ಸ್ಮಿತ್ ಅವರ ಮೊದಲ ಪುಸ್ತಕ ಬಂದದ್ದು 1987ರಲ್ಲಿ. ಮಕ್ಕಳಿಗಾಗಿ ಬರೆದ ಫ್ಯಾಂಟಸಿ ಅದು. ಅದಾದ ಮೇಲೆ ನ್ಯೂಯಾರ್ಕಿನ ಒಂದು 'ಬುಕ್ ಪ್ಯಾಕೇಜರ್' ಸಂಸ್ಥೆ ಅವರನ್ನು ಸಂಪರ್ಕಿಸಿತು. ಪ್ಯಾಕೇಜರ್ ಅಂದರೆ ಪ್ರಕಾಶಕರಲ್ಲ. ಪ್ರಕಾಶಕರಿಗೆ ಸರಣಿಗಳನ್ನು ತಯಾರಿಸಿ ಕೊಡುವ ಕಂಟ್ರಾಕ್ಟರ್ ಅಂದುಕೊಳ್ಳಿ. ಐಡಿಯಾ ಇವರದು, ಬರೆಯುವವರನ್ನು ಇವರೇ ಹುಡುಕುತ್ತಾರೆ, ಸಂಪಾದನೆ ಇವರದು, ಸಿದ್ಧವಾದ ಮಾಲನ್ನು ಪ್ರಕಾಶಕರಿಗೆ ಕೊಡುತ್ತಾರೆ. ನಮ್ಮ ಸರ್ವೀಸ್ ಕಂಪನಿಗಳ ಥರಾನೇ. ಟೀನೇಜರುಗಳಿಗೊಂದು ರಕ್ತಪಿಶಾಚಿ ತ್ರಿವಳಿ ಬೇಕು ಅಂದರು. ಸ್ಮಿತ್ ಬರೆದರು. ಮೂರೂ ಪುಸ್ತಕಗಳು 1991ರಲ್ಲೇ ಬಂದವು, ನಾಲ್ಕನೆಯದು 1992ರಲ್ಲಿ.

ಸೀರಿಯಲ್ ಮಾತ್ರ ನೋಡಿದವರಿಗೆ ಪುಸ್ತಕ ಓದಿದರೆ ಆಶ್ಚರ್ಯವಾಗುತ್ತದೆ. ಊರಿನ ಹೆಸರೇ ಬೇರೆ, ಮಿಸ್ಟಿಕ್ ಫಾಲ್ಸ್ ಅಲ್ಲ, ಫೆಲ್ಸ್ ಚರ್ಚ್. ಎಲೆನಾಗೆ ಹೊಂಬಣ್ಣದ ಕೂದಲು, ಸ್ವಲ್ಪ ಜಂಬದ ಹುಡುಗಿ. ಸ್ಟೆಫಾನ್, ಡೇಮನ್ ಅಣ್ಣತಮ್ಮಂದಿರು ಅಮೆರಿಕದ ಅಂತರ್ಯುದ್ಧದ ಕಾಲದವರಲ್ಲ, ಪುನರುಜ್ಜೀವನ ಕಾಲದ ಇಟಲಿಯವರು. ನನಗೆ ಪುಸ್ತಕದ ಎಲೆನಾನೇ ಇಷ್ಟ. ಅವಳು ಒಳ್ಳೆಯವಳಲ್ಲ, ಒಳ್ಳೆಯವಳಾಗುತ್ತಾ ಹೋಗುತ್ತಾಳೆ. ಸೀರಿಯಲ್ಲಿನಲ್ಲಿ ಅವಳು ಮೊದಲ ಎಪಿಸೋಡಿನಿಂದಲೇ ಸಂತಳು. ಬರವಣಿಗೆ ಅಂಥಾ ಮಹಾನ್ ಏನಲ್ಲ, ಒಪ್ಪುತ್ತೇನೆ. ಆದರೆ ಗಾಳಿ, ಕಾಗೆ, ಸ್ಮಶಾನ, ಶಾಲೆಯ ಕಾರಿಡಾರು ಇಷ್ಟನ್ನೇ ಇಟ್ಟುಕೊಂಡು ಆಕೆ ಹುಟ್ಟಿಸುವ ಭಯ ಇದೆಯಲ್ಲ, ಅದು ಅಗ್ಗದ್ದಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಹೈಸ್ಕೂಲಿಗೆ ಬರುವ ಸುಂದರ ರಕ್ತಪಿಶಾಚಿ, ಮನುಷ್ಯರ ರಕ್ತ ಕುಡಿಯಲ್ಲ ಅಂತ ಹಟ, ಒಬ್ಬ ಸಾಮಾನ್ಯ ಹುಡುಗಿಯ ಮೇಲೆ ಪ್ರೀತಿ. 'ಟ್ವೈಲೈಟ್' ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಇದೆಲ್ಲ ಇಲ್ಲಿತ್ತು! ಸ್ಟೆಫನಿ ಮೇಯರ್ ಕದ್ದರು ಅಂತ ನಾನು ಹೇಳುತ್ತಿಲ್ಲ. ಆಕೆಗೆ ಆ ಕಥೆ 2003ರ ಜೂನ್ 2ರಂದು ಕನಸಿನಲ್ಲಿ ಬಂತಂತೆ, ಮೂರು ತಿಂಗಳಲ್ಲಿ ಬರೆದು ಮುಗಿಸಿದರಂತೆ, 2005ರಲ್ಲಿ ಪುಸ್ತಕವಾಯಿತು. 2008ರಲ್ಲಿ ಸಿನಿಮಾ ಬಂದಮೇಲೆ ಅಮೆರಿಕದ ಪುಸ್ತಕದಂಗಡಿಗಳ ಕಪಾಟುಗಳಲ್ಲೆಲ್ಲ ಕಪ್ಪು ಮುಖಪುಟಗಳೇ. ಆ ಗಾಳಿಯಲ್ಲಿ 1991ರ ಹಳೇ ವ್ಯಾಂಪೈರ್ ಡೈರೀಸ್ ಕೂಡ ಮರುಮುದ್ರಣಗೊಂಡು ಬೆಸ್ಟ್‌ಸೆಲ್ಲರ್ ಪಟ್ಟಿ ಸೇರಿತು, ಸೀರಿಯಲ್ಲಾಯಿತು. ಹೊಸ ಪುಸ್ತಕ ಬೇಕು ಅಂದರು. ನಡುವೆ ಸುಮಾರು ಹತ್ತು ವರ್ಷ ಏನೂ ಪ್ರಕಟಿಸದೇ ಇದ್ದ ಸ್ಮಿತ್ ಮತ್ತೆ ಬರೆದರು. 2009, 2010, 2011, ವರ್ಷಕ್ಕೊಂದರಂತೆ ಮೂರು.

ಆಮೇಲೆ 2011ರಲ್ಲಿ ಅವರನ್ನು ತೆಗೆದುಹಾಕಿದರು.

ತಾನೇ ಹುಟ್ಟಿಸಿದ ಸರಣಿಯಿಂದ ಲೇಖಕಿಯನ್ನೇ! ಕಥೆ ಯಾವ ಕಡೆ ಹೋಗಬೇಕು ಅನ್ನುವುದರಲ್ಲಿ ಆಕೆಗೂ ಸಂಸ್ಥೆಗೂ ಭಿನ್ನಾಭಿಪ್ರಾಯ ಬಂತು. ಮುಂದಿನ ಪುಸ್ತಕಗಳನ್ನು ಬೇರೆಯವರಿಂದ ಬರೆಸಿದರು. ಮುಖಪುಟದ ಮೇಲೆ ಆಕೆಯ ಹೆಸರು ಹಾಗೇ ಉಳಿಯಿತು, 'ಸೃಷ್ಟಿ: ಎಲ್.ಜೆ. ಸ್ಮಿತ್' ಅನ್ನುವ ಥರ. ಅಭಿಮಾನಿಗಳು ಆಕೆಯದೇ ಅಂತ ಕೊಂಡು ಓದಿದರು. ಇದು ಹೇಗೆ ಸಾಧ್ಯ ಅಂದರೆ, 1990ರ ಸುಮಾರಿಗೆ ಆಕೆ ಸಹಿ ಹಾಕಿದ ಕರಾರಿನಲ್ಲಿ 'ವರ್ಕ್ ಫಾರ್ ಹೈರ್' ಅಂತಿತ್ತು. ಹಾಗಂದರೆ ಏನೆಂದು ತನಗೆ ಆಗ ಗೊತ್ತೇ ಇರಲಿಲ್ಲ ಅಂತ ಆಕೆ ಆಮೇಲೆ ಹೇಳಿಕೊಂಡರು. ನಾನೂ ಇಷ್ಟು ದಿನ ಅದನ್ನು ತಿಳಿದುಕೊಂಡಿರಲಿಲ್ಲ, ಮಾರಾಯ್ರೆ. ಹಾಗಂತ ನಾಲ್ಕು ಕಡೆ ಸಹಿ ಮಾಡಿದ್ದೇನೆ.

ಸುಮ್ಮನೆ ಹಕ್ಕು ಮಾರುವುದಕ್ಕೂ ವರ್ಕ್ ಫಾರ್ ಹೈರ್‌ಗೂ ಬಹಳ ವ್ಯತ್ಯಾಸವಿದೆ. ಹಕ್ಕು ಮಾರಿದ ಲೇಖಕ ಲೇಖಕನಾಗಿಯೇ ಉಳಿಯುತ್ತಾನೆ. ಅಮೆರಿಕದ 1976ರ ಕಾಪಿರೈಟ್ ಕಾನೂನಿನ ಪ್ರಕಾರ ಅಂಥವನು ಸುಮಾರು 35 ವರ್ಷಗಳಾದ ಮೇಲೆ ನೋಟೀಸು ಕೊಟ್ಟು ಹಕ್ಕನ್ನು ವಾಪಸು ಪಡೆಯಬಹುದು. ಚಿಕ್ಕವಯಸ್ಸಿನಲ್ಲಿ ಏನೋ ತಿಳಿಯದೆ ಬರೆದುಕೊಟ್ಟವರಿಗೆ ಎರಡನೇ ಅವಕಾಶ ಸಿಗಲಿ ಅಂತಲೇ ಇರುವ ಕಲಮು ಅದು. ಆದರೆ ವರ್ಕ್ ಫಾರ್ ಹೈರ್ ಆದರೆ ಕಾನೂನಿನ ಕಣ್ಣಿನಲ್ಲಿ ಲೇಖಕಿ ಆಕೆಯೇ ಅಲ್ಲ, ಸಂಸ್ಥೆಯೇ ಲೇಖಕ! ವಾಪಸು ಪಡೆಯುವ ಮಾತೇ ಇಲ್ಲ. ಲೆಕ್ಕ ಹಾಕಿ: 1991ಕ್ಕೆ 35 ಕೂಡಿಸಿದರೆ 2026. ವರ್ಕ್ ಫಾರ್ ಹೈರ್ ಆದರೆ ಪ್ರಕಟವಾದಾಗಿನಿಂದ 95 ವರ್ಷ, ಅಂದರೆ 2086ರ ಕೊನೆಯ ತನಕ ಅದು ಸಂಸ್ಥೆಯದ್ದು. ರಕ್ತಪಿಶಾಚಿಗಳಿಗೆ ಮಾತ್ರ ಸಾವಿಲ್ಲ ಅಂದುಕೊಂಡಿದ್ದೆ...

ಇದನ್ನೆಲ್ಲ ಓದುತ್ತಾ ಹೋದಾಗ ಸಿಕ್ಕಿದ್ದು ಇನ್ನೊಬ್ಬನ ಕಥೆ. ಇಂಗ್ಲಿಷಿನ ಮೊಟ್ಟಮೊದಲ ರಕ್ತಪಿಶಾಚಿ ಗದ್ಯಕಥೆ ಅಂತ ಸಾಮಾನ್ಯವಾಗಿ ಹೇಳುವ 'ದಿ ವ್ಯಾಂಪೈರ್' ಬರೆದ ಜಾನ್ ಪೊಲಿಡೋರಿಯದು. ಇಂಡೋನೇಷ್ಯಾದ ತಂಬೋರಾ ಅಗ್ನಿಪರ್ವತ 1815ರ ಏಪ್ರಿಲ್‌ನಲ್ಲಿ ಸಿಡಿದು, ಮಾರನೇ ವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಬಂಗಲೆಯಲ್ಲಿ ಕವಿ ಬೈರನ್, ಶೆಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಮೇರಿ, ಬೈರನ್ನನ ಖಾಸಗಿ ಡಾಕ್ಟರ್ ಪೊಲಿಡೋರಿ ಎಲ್ಲ ಮಳೆಗೆ ಸಿಕ್ಕಿಹಾಕಿಕೊಂಡು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು. ಮೇರಿಯ 'ಫ್ರಾಂಕೆನ್‌ಸ್ಟೈನ್' ಅಲ್ಲಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಬೈರನ್ ಒಂದು ಕಥೆ ಶುರುಮಾಡಿ ಅರ್ಧಕ್ಕೆ ಬಿಸಾಕಿದ. ಪೊಲಿಡೋರಿ ಆ ಎಳೆ ಹಿಡಿದು ತನ್ನದೇ ಕಥೆ ಬರೆದ. ಅಲ್ಲಿಯ ತನಕ ರಕ್ತಪಿಶಾಚಿ ಅಂದರೆ ಹಳ್ಳಿಯ ಗೋರಿಯಿಂದ ಎದ್ದುಬರುವ ಊದಿಕೊಂಡ ಹೆಣ. ಪೊಲಿಡೋರಿ ಅವನಿಗೆ ಕೋಟು ತೊಡಿಸಿ, ಲಾರ್ಡ್ ಮಾಡಿ, ಲಂಡನ್ನಿನ ಪಾರ್ಟಿಗಳಿಗೆ ಕರೆತಂದ. ಬಿಳಿಚಿಕೊಂಡ ಮುಖ, ತಣ್ಣಗಿನ ನೋಟ, ಹುಡುಗಿಯರಿಗೆ ತಡೆಯಲಾಗದ ಸೆಳೆತ. ಎಡ್ವರ್ಡ್ ಕಲೆನ್‌ನ ಮುತ್ತಜ್ಜ ಇವನೇ.

1819ರ ಏಪ್ರಿಲ್‌ನಲ್ಲಿ ಲಂಡನ್ನಿನ ಒಂದು ಮಾಸಿಕದಲ್ಲಿ ಕಥೆ ಪ್ರಕಟವಾಯಿತು. ಬೈರನ್ ಹೆಸರಿನಲ್ಲಿ! ಪೊಲಿಡೋರಿ ಪತ್ರ ಬರೆದ, ಇದು ನನ್ನದು ಅಂದ. ಬೈರನ್ ಕೂಡ ನನ್ನದಲ್ಲಪ್ಪ ಅಂದ. ಕೇಳುವವರಾರು? ಬೈರನ್ ಹೆಸರಿದ್ದರೆ ಮಾರಾಟ, ಡಾಕ್ಟರ ಹೆಸರಿದ್ದರೆ ಇಲ್ಲ. ಎರಡು ವರ್ಷ ಕಳೆದು, 1821ರಲ್ಲಿ, ಪೊಲಿಡೋರಿ ತೀರಿಕೊಂಡ. ಇಪ್ಪತ್ತೈದೇ ವಯಸ್ಸು. ನನಗಿಂತ ಚಿಕ್ಕವನು.

ನಮ್ಮ ಪೀಳಿಗೆಯವರು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕೊನೆಯ ದಿನಗಳನ್ನು ಕಂಡವರು. ನ್ಯಾನ್ಸಿ ಡ್ರೂ ಓದಿದ್ದೀರಲ್ಲವೇ? ಬರೆದವರು ಕ್ಯಾರೊಲಿನ್ ಕೀನ್ ಅಂತ ಇತ್ತಲ್ಲ, ಆ ಹೆಸರಿನ ಹೆಂಗಸೇ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟಮೈಯರ್ ಅನ್ನುವವನ ಸಿಂಡಿಕೇಟು ಆ ಸರಣಿಯನ್ನು 1930ರಲ್ಲಿ ಶುರುಮಾಡಿತು. ಮೊದಲ ಪುಸ್ತಕ ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್ ಅನ್ನುವ ಪತ್ರಕರ್ತೆ, ಸಿಕ್ಕಿದ್ದು 125 ಡಾಲರ್. ರಾಯಲ್ಟಿ ಇಲ್ಲ, ಹೆಸರಿಲ್ಲ, ಹೊರಗೆ ಬಾಯಿ ಬಿಡುವ ಹಾಗೂ ಇಲ್ಲ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಹಾಗೇ ಬರೆದರು. 1980ರಲ್ಲಿ ಪ್ರಕಾಶಕರ ನಡುವಿನ ಜಗಳ ಕೋರ್ಟಿಗೆ ಹೋಗಿ ಈಕೆ ಸಾಕ್ಷಿ ಹೇಳಲು ಬಂದ ಮೇಲಷ್ಟೇ ಹೊರಗಿನವರಿಗೆ ನಿಜ ಗೊತ್ತಾದದ್ದು. ಐವತ್ತು ವರ್ಷ! ಹಾರ್ಡಿ ಬಾಯ್ಸ್ ಕೂಡ ಅದೇ ಕಾರ್ಖಾನೆಯದು. ಅಂದರೆ ಸ್ಮಿತ್‌ಗೆ ಆದದ್ದು ಹೊಸದೇನೂ ಅಲ್ಲ. ಹುಡುಗ ಹುಡುಗಿಯರ ಪುಸ್ತಕಗಳ ವ್ಯಾಪಾರ ಒಂದು ಶತಮಾನದಿಂದ ಅರ್ಧಕ್ಕರ್ಧ ಹೀಗೇ ನಡೆದಿದೆ. ಅಷ್ಟೇ, ರಕ್ತಪಿಶಾಚಿಯ ಕಥೆಯಲ್ಲಿ ನಡೆದಾಗ ಅದು ಸ್ವಲ್ಪ ಹೆಚ್ಚು ಎದ್ದು ಕಾಣುತ್ತದೆ.

2010ರ ಹೊತ್ತಿಗೆ ಇದು ಡಿಸ್ಟೋಪಿಯಾ ಮತ್ತು ಸೈನ್ಸ್ ಫಿಕ್ಷನ್ ಕಡೆಗೂ ಬಂತು. 'ಐ ಆಮ್ ನಂಬರ್ ಫೋರ್' ನೆನಪಿದೆಯೇ? ಪಿಟಕಸ್ ಲೋರ್ ಅನ್ನುವ ಸುಳ್ಳು ಹೆಸರಿನ ಹಿಂದೆ ಇದ್ದದ್ದು ಜೇಮ್ಸ್ ಫ್ರೇ ಎಂಬಾತ ಕಟ್ಟಿದ ಕಥಾ ಕಾರ್ಖಾನೆ. ಬರವಣಿಗೆ ಕೋರ್ಸು ಮುಗಿಸಿದ ಹುಡುಗರಿಗೆ ಅಲ್ಲಿ ಸಹಿ ಹಾಕುವಾಗ 250 ಡಾಲರ್, ಬರೆದುಕೊಟ್ಟ ಮೇಲೆ ಇನ್ನೊಂದು 250, ಮುಂದೆ ಲಾಭ ಬಂದರೆ ಅದರಲ್ಲಿ ಪಾಲು. 2010ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಪತ್ರಿಕೆ ಆ ಕರಾರನ್ನು ಬಯಲು ಮಾಡಿದಾಗ ದೊಡ್ಡ ಗಲಾಟೆಯಾಯಿತು. ಪುಸ್ತಕ ಓದಿದ್ದೇನೆ. ಯಾರೋ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ನೋಡಿಕೊಂಡು ಬರೆದ ಹಾಗಿದೆ: ಹೀರೋ ಆಯಿತು, ನಾಯಿ ಆಯಿತು, ಹೈಸ್ಕೂಲು ಆಯಿತು, ಪ್ರೀತಿ ಆಯಿತು, ಟಿಕ್, ಟಿಕ್, ಟಿಕ್.

ಆದರೆ ಕಾರ್ಖಾನೆಯ ಮಾಲೆಲ್ಲ ಕೆಟ್ಟದ್ದು, ಒಬ್ಬರೇ ಕೂತು ಬರೆದದ್ದೆಲ್ಲ ಒಳ್ಳೆಯದು ಅನ್ನಲೂ ಆಗಲ್ಲ. 'ಡೈವರ್ಜೆಂಟ್' ನೋಡಿ. ವೆರೋನಿಕಾ ರಾತ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಒಬ್ಬರೇ ಬರೆದ ಪುಸ್ತಕ, 2011ರಲ್ಲಿ ಬಂತು. ಇಡೀ ಊರಿನ ಜನ ಐದೇ ಗುಂಪು, ಪ್ರತಿಯೊಬ್ಬರಿಗೂ ಒಂದೇ ಗುಣ. ಮನುಷ್ಯನನ್ನು ಐದು ಬೆಲೆಗಳ ಒಂದು ಕಾಲಮ್ಮಿಗೆ ಇಳಿಸಿದ ಡೇಟಾಬೇಸು ಅದು. ಎರಡು ಗುಣ ಇದ್ದವನು ಬಂದರೆ ಸಿಸ್ಟಮ್ಮೇ ಕ್ರ್ಯಾಶ್. ಯಾವ ಸರ್ಕಾರವೂ ಇಂಥ ಡಿಸೈನನ್ನು ಮೂರು ತಿಂಗಳು ನಡೆಸಲಾರದು! ಸಿನಿಮಾ ಸರಣಿಯ ಹಣೆಬರಹವೂ ಅದೇ ಆಯಿತು. 2016ರಲ್ಲಿ ಮೂರನೆಯದು ಮಕಾಡೆ ಮಲಗಿ, ನಾಲ್ಕನೆಯದು ತಯಾರಾಗಲೇ ಇಲ್ಲ. ಅದಕ್ಕೆ ಹೋಲಿಸಿದರೆ 1993ರ 'ದಿ ಗಿವರ್' ಎಷ್ಟು ಸಣ್ಣ ಪುಸ್ತಕ! ಲೋಯಿಸ್ ಲೌರಿ ಬರೆದದ್ದು. ಬಣ್ಣವೇ ಕಾಣದ ಊರಿನಲ್ಲಿ ಹುಡುಗನೊಬ್ಬನಿಗೆ ಸೇಬು ಒಂದು ಕ್ಷಣ ಬೇರೆ ಥರ ಕಾಣುತ್ತದೆ, ಅಷ್ಟೇ. ಆ ಪುಟದಲ್ಲಿ ನನ್ನ ಬೆನ್ನಿನಲ್ಲಿ ಆದ ನಡುಕ ಡೈವರ್ಜೆಂಟ್‌ನ ಮೂರು ಪುಸ್ತಕ ಸೇರಿಸಿದರೂ ಆಗಲಿಲ್ಲ.

'ಹಂಗರ್ ಗೇಮ್ಸ್' ವಿಷಯಕ್ಕೆ ನಾನು ಪಕ್ಷಪಾತಿ. ಸುಝನ್ ಕಾಲಿನ್ಸ್ ಒಂದು ರಾತ್ರಿ ಟೀವಿ ಚಾನೆಲ್ ಬದಲಾಯಿಸುತ್ತಾ ಇದ್ದಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ, ಎರಡೂ ಕಣ್ಣಲ್ಲಿ ಕಲಸಿಹೋಗಿ ಹುಟ್ಟಿದ ಕಥೆಯಂತೆ ಅದು. 2008ರಲ್ಲಿ ಪ್ರಕಟವಾಯಿತು. ಅವರ ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ವಾಯುಸೇನೆಯವರು. ಆ ಮನೆಯಲ್ಲಿ ಬೆಳೆದವಳು ಬರೆದ ಪುಸ್ತಕ ಅನ್ನುವುದು ಕೊನೆಯ ಭಾಗದಲ್ಲಿ ಗೊತ್ತಾಗುತ್ತದೆ. ಗೆದ್ದ ಮೇಲೂ ಕ್ಯಾಟ್ನಿಸ್‌ಗೆ ನಿದ್ದೆ ಬರುವುದಿಲ್ಲ. ಆ ಕೊನೆ ನೀರಸ ಅಂತ ಬೈದ ಗೆಳೆಯರಿದ್ದಾರೆ. ನನಗೆ ಅದೇ ಇಡೀ ಸರಣಿಯ ಪ್ರಾಮಾಣಿಕ ಜಾಗ.

ಆ ಪುಸ್ತಕದಲ್ಲಿ ಮೂರು ಬೆರಳೆತ್ತುವ ಒಂದು ಸನ್ನೆ ಇದೆ. ಹನ್ನೆರಡನೇ ಜಿಲ್ಲೆಯ ಬಡ ಗಣಿಕಾರ್ಮಿಕರು, ತಂಗಿಯ ಬದಲಿಗೆ ತಾನು ಹೋಗುತ್ತೇನೆ ಅಂದ ಹುಡುಗಿಗೆ ಚಪ್ಪಾಳೆ ತಟ್ಟದೆ ಈ ಸನ್ನೆ ಮಾಡುತ್ತಾರೆ. 2014ರ ಮೇನಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಬ್ಯಾಂಕಾಕಿನ ಜನ ಬೀದಿಯಲ್ಲಿ ಅದೇ ಮೂರು ಬೆರಳೆತ್ತಿದರು. ಸೇನೆ ಬಂಧಿಸುತ್ತೇವೆ ಅಂತ ಎಚ್ಚರಿಸಿತು, ಬಂಧಿಸಿತು ಕೂಡ. ಅದೇ ನವೆಂಬರ್‌ನಲ್ಲಿ ಖೋನ್ ಕೇನ್ ಅನ್ನುವ ಊರಿನಲ್ಲಿ ಐವರು ವಿದ್ಯಾರ್ಥಿಗಳು ಪ್ರಧಾನಿಯಾಗಿದ್ದ ಸೇನಾಧಿಕಾರಿ ಪ್ರಯುತ್ ಎದುರಿಗೇ ನಿಂತು ಕೈಯೆತ್ತಿ ಬಂಧನಕ್ಕೊಳಗಾದರು. ಬ್ಯಾಂಕಾಕಿನ ಚಿತ್ರಮಂದಿರವೊಂದು ಹೊಸ ಹಂಗರ್ ಗೇಮ್ಸ್ ಸಿನಿಮಾದ ಪ್ರದರ್ಶನವನ್ನೇ ರದ್ದು ಮಾಡಿತು. 2021ರಲ್ಲಿ ಮ್ಯಾನ್ಮಾರಿನಲ್ಲೂ ಅದೇ ಬೆರಳುಗಳು. ಆ ದೇಶದ ರಾಯಭಾರಿಯೇ ವಿಶ್ವಸಂಸ್ಥೆಯ ಸಭೆಯಲ್ಲಿ ತನ್ನ ದೇಶದ ಸೇನೆಯ ವಿರುದ್ಧ ಮಾತಾಡಿ ಮೂರು ಬೆರಳೆತ್ತಿದರು. ಜೈಲಿಗೆ ಹೋದ ಆ ಹುಡುಗರ ಬೆರಳಿಗೆ ಯಾವ ಸ್ಟುಡಿಯೋ ಲೈಸೆನ್ಸ್ ಕೊಡಬೇಕು ಹೇಳಿ?

ಮತ್ತೆ ಸ್ಮಿತ್ ಕಡೆಗೆ. ಅವರ ಕಥೆಯಲ್ಲಿ ಒಂದು ತಿರುವು ಬಾಕಿ ಇದೆ, ಅದಕ್ಕೆ ಮೊದಲು ಇನ್ನೊಬ್ಬರನ್ನು ಹೇಳಬೇಕು. ಟ್ವೈಲೈಟ್ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಯೊಬ್ಬರು ಅಂತರ್ಜಾಲದಲ್ಲಿ ಪುಕ್ಕಟೆ ಕಥೆ ಬರೆಯುತ್ತಿದ್ದರು. ಆಮೇಲೆ ಎಡ್ವರ್ಡ್, ಬೆಲ್ಲಾ ಹೆಸರುಗಳನ್ನು ಬದಲಾಯಿಸಿ 2011ರಲ್ಲಿ ಪುಸ್ತಕ ಮಾಡಿದರು. ಅದೇ 'ಫಿಫ್ಟಿ ಶೇಡ್ಸ್ ಆಫ್ ಗ್ರೇ'. ಆ ಸರಣಿ ಹತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಫೈಂಡ್ ಅಂಡ್ ರಿಪ್ಲೇಸ್‌ನಿಂದ ಇಷ್ಟು ದುಡ್ಡು ಮಾಡಿದವರು ನಮ್ಮ ಉದ್ಯಮದಲ್ಲೂ ಇಲ್ಲ :-) ಅತ್ತ ಸ್ಮಿತ್‌ಗೆ ತನ್ನ ಎಲೆನಾ, ಸ್ಟೆಫಾನ್, ಡೇಮನ್ ಹೆಸರು ಬಳಸುವ ಹಕ್ಕೇ ಇಲ್ಲ.

2013ರಲ್ಲಿ ಅಮೆಜಾನ್ 'ಕಿಂಡಲ್ ವರ್ಲ್ಡ್ಸ್' ಅಂತ ಶುರುಮಾಡಿತು. ಹಕ್ಕುದಾರ ಸಂಸ್ಥೆಗಳಿಂದ ಲೈಸೆನ್ಸ್ ತೆಗೆದುಕೊಂಡು, ಅಭಿಮಾನಿಗಳು ಬರೆದ ಕಥೆಗಳನ್ನು ಮಾರುವ ಯೋಜನೆ. ಆ ಪಟ್ಟಿಯಲ್ಲಿ ವ್ಯಾಂಪೈರ್ ಡೈರೀಸ್ ಕೂಡ ಇತ್ತು. ಯಾರು ಬೇಕಾದರೂ ಬರೆಯಬಹುದು. ಯಾರು ಬೇಕಾದರೂ ಅಂದಮೇಲೆ ಎಲ್.ಜೆ. ಸ್ಮಿತ್ ಯಾಕಾಗಬಾರದು? 2014ರಲ್ಲಿ ಆಕೆ ಅಲ್ಲಿ ಕಥೆ ಹಾಕಿದರು, ತನ್ನದೇ ಪಾತ್ರಗಳ ಬಗ್ಗೆ, ಅಭಿಮಾನಿಗಳ ಸಾಲಿನಲ್ಲಿ ನಿಂತು! ಉದ್ದದ ಕಥೆಗಳಿಗೆ ಆದಾಯದಲ್ಲಿ 35% ಪಾಲು, ಎಲ್ಲ ಅಭಿಮಾನಿಗಳಿಗೂ ಕೊಡುತ್ತಿದ್ದಷ್ಟೇ. 'ಈವನ್‌ಸಾಂಗ್' ಅಂತ ಒಂದು ತ್ರಿವಳಿ, ತಾನು ಅಂದುಕೊಂಡ ದಾರಿಯಲ್ಲಿ ಕಥೆಯನ್ನು ಮುಂದಕ್ಕೆ ಕೊಂಡೊಯ್ಯಲು. ಮೊದಲು ಓದಿದಾಗ ನನಗೆ ನಗು ಬಂತು. ಎರಡನೇ ಸಲಕ್ಕೆ ಹೊಟ್ಟೆಯಲ್ಲಿ ಏನೋ ಆಯಿತು. ತಾನೇ ಕಟ್ಟಿದ ಮನೆಗೆ ಬಾಡಿಗೆಗೆ ಹೋದ ಹಾಗೆ. 2018ರಲ್ಲಿ ಆ ಯೋಜನೆ ಮುಚ್ಚಿತು. ಬಾಡಿಗೆ ಮನೆಯೂ ಹೋಯಿತು.

ಈಗ ಒಂಬತ್ತನೇ ಪುಟ. ನಾನು ಕೆಲಸದಲ್ಲಿರುವಷ್ಟು ಕಾಲ, ಕಚೇರಿಯ ಸಮಯದಲ್ಲಾಗಲೀ ಹೊರಗಾಗಲೀ, ಕಲ್ಪಿಸಿದ, ಬರೆದ, ರಚಿಸಿದ ಎಲ್ಲವೂ ಕಂಪನಿಯ ಸೊತ್ತು ಅಂತ ಅಲ್ಲಿದೆ. 'ಎಲ್ಲವೂ'. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಅಷ್ಟು ದೂರ ಹೋಗುವುದಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಕೆಲಸವಾಗಿ ಮಾಡಿದ್ದಕ್ಕೆ ಮಾತ್ರ ಮಾಲೀಕ ಮೊದಲ ಹಕ್ಕುದಾರ ಅನ್ನುತ್ತದೆ ಅದರ 17ನೇ ಕಲಮು. ಹಕ್ಕು ಬರೆದುಕೊಟ್ಟ ಮೇಲೂ ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು ಲೇಖಕನಿಗೇ ಉಳಿಯುತ್ತದೆ ಅನ್ನುತ್ತದೆ 57ನೇ ಕಲಮು. ಪಾಪ ಪೊಲಿಡೋರಿಗೆ ಅಷ್ಟಾದರೂ ಇದ್ದಿದ್ದರೆ! ಆದರೆ ಒಪ್ಪಂದ ಅಂತ ಒಂದಕ್ಕೆ ಸಹಿ ಬಿದ್ದಮೇಲೆ ಕೋರ್ಟಿಗೆ ಹೋಗುವ ತಾಕತ್ತು ನನಗಿದೆಯೇ? ಆಫೀಸಿನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ನಾಲ್ಕು ವರ್ಷದಿಂದ ಒಂದು ಕಥೆ ಬರೆಯುತ್ತಿದ್ದೇನೆ. ಕನ್ನಡದಲ್ಲಿ, ನಮ್ಮೂರ ಕೆರೆಯ ಏರಿಯ ಮೇಲೆ ರಾತ್ರಿ ನಡೆಯುವವಳೊಬ್ಬಳ ಬಗ್ಗೆ. ಹನ್ನೊಂದು ಅಧ್ಯಾಯ ಆಗಿದೆ. ಹಳೇ ಕಂಪನಿಯ ಕರಾರಿನಲ್ಲಿ ಏನಿತ್ತೋ, ತೆಗೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಹೊಸ ಕಂಪನಿಯ ಎಚ್.ಆರ್.ಗೆ ಮೇಲ್ ಹಾಕಿದೆ: ಒಂಬತ್ತನೇ ಪುಟದಲ್ಲಿ 'ಕನ್ನಡದಲ್ಲಿ ಬರೆಯುವ ಕಥೆ, ಲೇಖನಗಳನ್ನು ಹೊರತುಪಡಿಸಿ' ಅಂತ ಒಂದು ಸಾಲು ಸೇರಿಸಬಹುದೇ ಅಂತ. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಒಬ್ಬರು ಮೇಡಂ ಫೋನ್ ಮಾಡಿದರು.

"ಸರ್, ಈ ಕಥೆಗಳಿಂದ ನಿಮಗೆ ಇನ್‌ಕಮ್ ಇದೆಯಾ?"

"ಇಲ್ಲ ಮೇಡಂ."

"ಮತ್ತೆ ಯಾಕೆ ಸರ್ ಸೇರಿಸೋದು?"

ಲೀಗಲ್‌ನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನಿನ್ನೆ ರಾತ್ರಿ ಕೂತು ಹನ್ನೊಂದು ಅಧ್ಯಾಯಗಳನ್ನೂ ನನ್ನ ಹಳೇ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅದರ ಸ್ಪೇಸ್ ಬಾರ್ ಕೆಲಸ ಮಾಡುತ್ತಿಲ್ಲ, ಹೊರಗಿನಿಂದ ಒಂದು ಕೀಬೋರ್ಡ್ ಸಿಕ್ಕಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಇಂಥ ಸಾಲೊಂದನ್ನು ಆಫರ್ ಲೆಟರಿಗೆ ಸೇರಿಸಿಕೊಂಡದ್ದಿದ್ದರೆ ಹೇಗೆ ಬರೆದಿರಿ ಅಂತ ದಯವಿಟ್ಟು ಹೇಳಿ. ಸೋಮವಾರದೊಳಗೆ ಸಹಿ ಹಾಕಬೇಕು.